ಮಾರುವವನ ಮೌನ

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಮಿಲ್ಲಿಂಗ್ ಯಂತ್ರವೊಂದು ಒಬ್ಬರ ಶೆಡ್ಡಿನಿಂದ ಇನ್ನೊಬ್ಬರ ಶೆಡ್ಡಿಗೆ ಹೋಗುವುದು ವಿಶೇಷವೇನಲ್ಲ. ಮೂವತ್ತು ವರ್ಷ ದುಡಿದ ಸಣ್ಣ ವರ್ಕ್‌ಶಾಪಿನ ಯಜಮಾನರೊಬ್ಬರು ವಯಸ್ಸಾಯಿತೆಂದು ಬಾಗಿಲು ಮುಚ್ಚಲು ನಿರ್ಧರಿಸುತ್ತಾರೆ. ಐ.ಟಿ.ಐ. ಮುಗಿಸಿ ಕೆಲವು ವರ್ಷ ಬೇರೆಯವರಲ್ಲಿ ದುಡಿದ ತರುಣನೊಬ್ಬ ಬ್ಯಾಂಕಿನಲ್ಲಿ ಸಾಲ ಮಾಡಿ ಸ್ವಂತ ಉದ್ಯೋಗ ಆರಂಭಿಸಲು ಬರುತ್ತಾನೆ. ಇಬ್ಬರ ನಡುವೆ ದುರಸ್ತಿ ಬೇಡುವ ಯಂತ್ರ ನಿಂತಿದೆ. ಅದರಲ್ಲಿ ಏನೇನು ಕೆಟ್ಟಿದೆ ಎಂಬುದು ಒಬ್ಬರಿಗೆ ಪೂರ್ತಿ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಹಿರಿಯರು ಸುಳ್ಳು ಹೇಳುವವರಲ್ಲ ಎಂದೇ ಇಟ್ಟುಕೊಳ್ಳೋಣ. ಕೇಳಿದ್ದಕ್ಕೆ ಅವರು ಇದ್ದುದನ್ನೇ ಹೇಳುತ್ತಾರೆ. ಆದರೆ ತರುಣ ಕೇಳದೆ ಬಿಟ್ಟದ್ದನ್ನೂ ಅವರು ಹೇಳಬೇಕೆ?

ಯಂತ್ರದ ಹಿಡಿ ಮುರಿದಿರುವುದು, ಬಣ್ಣ ಕಿತ್ತುಹೋಗಿರುವುದು, ಕೂಲೆಂಟ್ ಪಂಪ್ ಇಲ್ಲದಿರುವುದು ಕಣ್ಣಿಗೇ ಕಾಣುತ್ತದೆ. ಮುಖ್ಯವಾದ ದೋಷಗಳು ಹಾಗಲ್ಲ. ವರ್ಷಗಟ್ಟಲೆ ಕೆಲಸವೆಲ್ಲ ಟೇಬಲ್ಲಿನ ನಡುಭಾಗದಲ್ಲೇ ನಡೆಯುವುದರಿಂದ ಅದು ಜಾರುವ ಮೈ ನಡುವೆ ಸವೆದು, ತುದಿಗಳಲ್ಲಿ ಬಹುತೇಕ ಮೊದಲಿನಂತೆಯೇ ಉಳಿಯುತ್ತದೆ. ನಡುವಿನ ಸಡಿಲ ಹೋಗಲೆಂದು ಜಿಬ್ ಬಿಗಿದರೆ ತುದಿಗೆ ಬಂದಾಗ ಟೇಬಲ್ ಹಿಡಿದುಕೊಳ್ಳುತ್ತದೆ. ಮಾರುವ ದಿನ ನಡುವಿನಲ್ಲಷ್ಟೇ ಓಡಿಸಿ ತೋರಿಸಿದರೆ ಅದು ಸುಲಭವಾಗಿ ತಿಳಿಯದು. ತಣ್ಣಗಿರುವಾಗ ಸದ್ದಿಲ್ಲದ ಸ್ಪಿಂಡಲ್ ಬೇರಿಂಗು ಒಂದು ಗಂಟೆ ಓಡಿ ಬಿಸಿಯಾದ ಮೇಲೆ ನರಳತೊಡಗಬಹುದು. ಗೇರ್‌ಬಾಕ್ಸಿಗೆ ಮಂದವಾದ ಎಣ್ಣೆ ಸುರಿದರೆ ಸವೆದ ಗೇರುಗಳ ಗದ್ದಲವೂ ಅಷ್ಟಿಷ್ಟು ಅಡಗುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದುದು ಟೇಬಲ್ಲನ್ನು ಸರಿಸುವ ಸ್ಕ್ರೂವಿಗೂ ಅದರ ನಟ್ಟಿಗೂ ನಡುವಿನ ಸಡಿಲ. ಕಟರಿನ ಹಲ್ಲು ಚಲಿಸುವ ದಿಕ್ಕಿನಲ್ಲೇ ಲೋಹದ ತುಂಡನ್ನೂ ಸಾಗಿಸಿ ಕತ್ತರಿಸುವ ಒಂದು ಕ್ರಮವಿದೆ. ಈ ಸಡಿಲವಿರುವ ಯಂತ್ರದಲ್ಲಿ ಹಾಗೆ ಮಾಡಿದರೆ ಕಟರ್ ಆ ತುಂಡನ್ನು ತಟ್ಟನೆ ತನ್ನತ್ತ ಎಳೆದುಕೊಳ್ಳುತ್ತದೆ. ಕಟರ್ ಮುರಿಯಬಹುದು, ಎದುರಿಗೆ ನಿಂತವನ ಕೈಗೋ ಕಣ್ಣಿಗೋ ಪೆಟ್ಟಾಗಬಹುದು. ತಮ್ಮ ಯಂತ್ರದ ಸ್ವಭಾವ ಬಲ್ಲ ಹಿರಿಯರು ಅದರಲ್ಲಿ ಎಂದೂ ಹಾಗೆ ಕತ್ತರಿಸಿದವರಲ್ಲ. ಆ ತಿಳುವಳಿಕೆ ಯಂತ್ರದೊಂದಿಗೆ ಲಾರಿ ಹತ್ತಿ ತರುಣನ ಶೆಡ್ಡಿಗೆ ಹೋಗುವುದಿಲ್ಲ.

ಈ ಪ್ರಶ್ನೆ ಬಹಳ ಹಳೆಯದು. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇಬ್ಬರು ಸ್ಟೋಯಿಕ್ ತತ್ತ್ವಜ್ಞಾನಿಗಳ ವಾದವನ್ನು ಎದುರುಬದುರಾಗಿ ಇಡುತ್ತಾನೆ. ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುವ, ಮರಮುಟ್ಟು ಕೆಟ್ಟ ಮನೆಯನ್ನು ಯಜಮಾನ ಮಾರುತ್ತಿದ್ದಾನೆ. ಸಂಗತಿ ಅವನಿಗೊಬ್ಬನಿಗೇ ಗೊತ್ತು. ಕಾನೂನು ಕೇಳುವಷ್ಟು ದೋಷಗಳನ್ನು ಹೇಳಿ, ಮೋಸ ಮಾಡದೆ ಮಾರಿದರೆ ಸಾಕು, ಹೇಳದಿರುವುದೂ ಬಚ್ಚಿಡುವುದೂ ಒಂದೇ ಅಲ್ಲ ಎಂಬುದು ಬಾಬಿಲೋನಿನ ದಿಯೋಗೆನೆಸನ ಪಕ್ಷ. ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಇದು ಕೆಟ್ಟದ್ದೆಂಬುದು ತಾರ್ಸದ ಆಂತಿಪಾತರನ ಪಕ್ಷ. ಸಿಸೆರೋ ಆಂತಿಪಾತರನತ್ತ ವಾಲುತ್ತಾನೆ.

ನಮ್ಮ ದೇಶದ ಕಾನೂನು ದಿಯೋಗೆನೆಸನಿಗೆ ಹತ್ತಿರ. 1930ರ ಸರಕು ಮಾರಾಟ ಕಾಯಿದೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಎಚ್ಚರಿಕೆಯ ಹೊಣೆಯನ್ನು ಕೊಳ್ಳುವವನ ಮೇಲೆಯೇ ಹಾಕುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ಬರಿಯ ಮೌನವನ್ನು ವಂಚನೆಯೆಂದು ಸಾಮಾನ್ಯವಾಗಿ ಎಣಿಸುವುದಿಲ್ಲ. ಆ ಕಲಮಿನ ಕೆಳಗಿನ ದೃಷ್ಟಾಂತ ಸ್ವಾರಸ್ಯವಾಗಿದೆ. ಒಬ್ಬ ತನ್ನ ಕುದುರೆಗೆ ದೋಷವಿದೆಯೆಂದು ತಿಳಿದೂ ಏನೂ ಹೇಳದೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ! ಕುದುರೆ ಅದೇ, ದೋಷವೂ ಅದೇ, ಬದಲಾದದ್ದು ಸಂಬಂಧವೊಂದೇ. ಭಾನುವಾರ ಒಂದೇ ಬೆಂಚಿನಲ್ಲಿ ಕುಳಿತು ಅಪರಿಚಿತರನ್ನೂ ಸಹೋದರರೆಂದು ಕರೆಯುವ ನಮಗೆ ಆ ತರುಣ ಯಾವ ಸಾಲಿನವನು? ಹರಾಜಿಗೆ ಬಂದವನೋ, ಮನೆಯ ಮಗುವೋ? ಕಾನೂನು ಇದನ್ನು ನಮ್ಮ ಪರವಾಗಿ ತೀರ್ಮಾನಿಸುವುದಿಲ್ಲ.

ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ತಮ್ಮ ‘ಸುಮ್ಮಾ’ದ ಎರಡನೆಯ ಭಾಗದ 77ನೆಯ ಪ್ರಶ್ನೆಯಲ್ಲಿ ಇದನ್ನೇ ಕೈಗೆತ್ತಿಕೊಂಡಿದ್ದಾರೆ. ಕೊಳ್ಳುವವನಿಗೆ ಅಪಾಯವನ್ನೋ ನಷ್ಟವನ್ನೋ ತರುವ ದೋಷ ಗುಪ್ತವಾಗಿದ್ದರೆ ಮಾರುವವನು ಅದನ್ನು ತಿಳಿಸಲೇಬೇಕು. ಒಕ್ಕಣ್ಣಿನ ಕುದುರೆಯಂತೆ ದೋಷ ಎದ್ದು ಕಾಣುತ್ತಿದ್ದು, ಬೆಲೆಯನ್ನೂ ತಕ್ಕಷ್ಟು ಇಳಿಸಿದ್ದರೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಾಗೆಂದು ಡಂಗುರ ಸಾರಿ ದೋಷ ಪ್ರಕಟಿಸಬೇಕೆಂದು ಅವರು ಕೇಳುವುದಿಲ್ಲ. ಹಾಗೆ ಮಾಡಿದರೆ ಅದರ ಗುಣಗಳನ್ನು ಅರಿಯುವ ಮೊದಲೇ ಜನ ಹಿಂದೆ ಸರಿಯುತ್ತಾರೆ. ಕೊಳ್ಳಲು ಹತ್ತಿರ ಬಂದವನಿಗೆ ಖುದ್ದಾಗಿ ಹೇಳಿದರೆ ಅವನು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ತೂಗಿ ನೋಡಬಲ್ಲ. ಈ ಸಲಹೆ ಪೀಣ್ಯದ ಗಲ್ಲಿಗೂ ಸಲ್ಲುತ್ತದೆ. ಸ್ಕ್ರೂ ಸಡಿಲ, ಆ ಕ್ರಮದಲ್ಲಿ ಕತ್ತರಿಸಬೇಡ. ಆದರೆ ಎರಕ ಗಟ್ಟಿಯಾಗಿದೆ, ಮೋಟಾರು ಚೆನ್ನಾಗಿದೆ ಎಂದು ಹೇಳುವುದಕ್ಕೆ ಐದು ನಿಮಿಷ ಸಾಕು.

ಹಾಗೆ ಹೇಳಿದರೆ ಬೆಲೆ ಬಿದ್ದುಹೋಗುವುದಿಲ್ಲವೆ? ಬೀಳುತ್ತದೆ, ನಿಜ. ಹಿರಿಯರಿಗೂ ಆಸ್ಪತ್ರೆಯ ಖರ್ಚಿದೆ, ಮಗಳ ಮದುವೆಯಿದೆ. ಅವರ ಕಷ್ಟವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಯಂತ್ರ ಸವೆದ ನಷ್ಟ ಹಿಂದೆಯೇ ಆಗಿಹೋಗಿದೆ, ಆ ಸವೆತದ ಸಂಪಾದನೆಯೂ ಮೂವತ್ತು ವರ್ಷ ಅವರ ಮನೆಗೇ ಬಂದಿದೆ. ಮೌನ ಆ ನಷ್ಟವನ್ನು ಅಳಿಸಲಾರದು; ಸಾಲ ಹೊತ್ತ ಹುಡುಗನ ಹೆಗಲಿಗೆ ಸದ್ದಿಲ್ಲದೆ ದಾಟಿಸುತ್ತದೆ, ಅಷ್ಟೇ. ಇದಕ್ಕೆ ಸೇರಿದ ಇನ್ನೊಂದು ಮಾತನ್ನೂ ಅಕ್ವಿನಾಸರು ಹೇಳುತ್ತಾರೆ: ವಸ್ತುವನ್ನು ಬಿಟ್ಟುಕೊಡುವುದರಿಂದ ತನಗಾಗುವ ನಷ್ಟವನ್ನು ಮಾರುವವನು ಬೆಲೆಗೆ ಸೇರಿಸಬಹುದು, ಕೊಳ್ಳುವವನ ತುರ್ತನ್ನು ಸೇರಿಸಕೂಡದು. ಹುಡುಗನ ಕೈಯಲ್ಲಿ ಅವಸರದ ಆರ್ಡರ್ ಇದೆಯೆಂದು ತಿಳಿದು ಬೆಲೆ ಏರಿಸುವುದು ಹಾಗಾದರೆ ತರವಲ್ಲ.

ಬಣ್ಣದ ವಿಷಯವೂ ಇದೆ. ಯೆಹೂದ್ಯರ ಮಿಶ್ನಾ ಗ್ರಂಥ ಮಾರಾಟಕ್ಕಿಟ್ಟ ಪಾತ್ರೆ ಪರಿಕರಗಳನ್ನು ಸಿಂಗರಿಸುವುದನ್ನು ನಿಷೇಧಿಸುತ್ತದೆ. ತಾಲ್ಮುದಿನ ವಿವರಣೆ ಹೊಸ ಪರಿಕರಗಳಿಗೆ ಬಣ್ಣ ಬಳಿಯಬಹುದು, ಹಳೆಯವಕ್ಕೆ ಕೂಡದು ಎಂದು ವಿಂಗಡಿಸುತ್ತದೆ. ತುಕ್ಕು ಹಿಡಿಯದಂತೆ ಬಳಿಯುವ ಬಣ್ಣದ ಬಗ್ಗೆ ನನಗೆ ತಕರಾರಿಲ್ಲ. ಬೆಸುಗೆ ಹಾಕಿದ ಬಿರುಕಿನ ಮೇಲೆ ಮಾರುವ ಹಿಂದಿನ ದಿನ ಬಳಿದ ಹಸಿರು ಬಣ್ಣ ಬೇರೆ ಜಾತಿಯದು. ಯಂತ್ರವನ್ನು ದಲ್ಲಾಳಿಗೆ ಕೊಟ್ಟು ಕೈತೊಳೆದುಕೊಂಡರೆ ಹೇಗೆ? ಡಯಲ್ ಗೇಜ್ ಹಿಡಿದು ಬರುವ ದಲ್ಲಾಳಿ ಮೋಸಹೋಗುವವನಲ್ಲ. ಮುಂದೆ ಅವನೇನು ಮಾಡುವನೆಂಬುದು ಪೂರ್ತಿಯಾಗಿ ನಮ್ಮ ಹಿಡಿತದಲ್ಲಿಲ್ಲ. ಆದರೂ ದೋಷಗಳನ್ನು ರಸೀದಿಯಲ್ಲಿ ಬರೆದುಕೊಡುವುದು ನಮ್ಮ ಕೈಯಲ್ಲೇ ಇದೆ.

ಇಷ್ಟು ಹೊತ್ತು ಮಾರುವವರನ್ನೇ ವಿಚಾರಿಸಿದೆವು. ಕೊಳ್ಳುವಾಗ ಸರಕನ್ನು ಹೀನಾಯವಾಗಿ ಜರೆದು, ಆಮೇಲೆ ಹೊರಗೆ ಹೋಗಿ ಜಂಬ ಕೊಚ್ಚಿಕೊಳ್ಳುವವನು ಜ್ಞಾನೋಕ್ತಿಗಳ 20ನೆಯ ಅಧ್ಯಾಯದಲ್ಲಿದ್ದಾನೆ. ಅವನನ್ನು ನಾವೆಲ್ಲ ಸಂತೆಯಲ್ಲಿ ಕಂಡಿದ್ದೇವೆ. ವರ್ಕ್‌ಶಾಪಿನ ಯಜಮಾನರು ತೀರಿಕೊಂಡಿದ್ದು, ಅವರ ಪತ್ನಿ ಯಂತ್ರ ಮಾರುತ್ತಿದ್ದಾರೆಂದು ಭಾವಿಸಿ. ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಒಳ್ಳೆಯ ಡಿವೈಡಿಂಗ್ ಹೆಡ್ ಒಂದು ಬಿದ್ದಿದೆ. ಆ ತಾಯಿಗೆ ಅದು ಗುಜರಿ ಕಬ್ಬಿಣ, ಕಿಲೋ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ. ಈಗ ತಿಳಿದವನು ಕೊಳ್ಳುವವನು. ಬ್ಯಾಂಕಿನ ಕಂತು ಅವನಿಗೂ ಇದೆ. ಸಂತ ಅಗಸ್ಟೀನರು ತ್ರಿತ್ವವನ್ನು ಕುರಿತ ತಮ್ಮ ಗ್ರಂಥದಲ್ಲಿ ತಾವು ಬಲ್ಲ ಒಬ್ಬನ ಸಂಗತಿ ಹೇಳುತ್ತಾರೆ. ಯಾರೋ ಅವನಿಗೆ ಹಸ್ತಪ್ರತಿಯೊಂದನ್ನು ಮಾರಲು ತಂದರು. ಅದರ ಬೆಲೆ ಅರಿಯದೆ ಅಲ್ಪ ಹಣ ಕೇಳಿದರು. ಕೊಳ್ಳುವವನು ಅವರು ನಿರೀಕ್ಷಿಸಿಯೇ ಇರದ, ಅದಕ್ಕಿಂತ ಎಷ್ಟೋ ಹೆಚ್ಚಿನ ನ್ಯಾಯವಾದ ಬೆಲೆಯನ್ನು ಎಣಿಸಿಕೊಟ್ಟ. ಅವನ ಹೆಸರನ್ನು ಅಗಸ್ಟೀನರು ಹೇಳಿಲ್ಲ.