ಯೋಧನ ಮೌನವೂ ನಿವೃತ್ತಿಯ ವೇಳೆಯೂ

ನೋವನ್ನು ನುಂಗಿಕೊಳ್ಳುವುದು ವೀರನ ಲಕ್ಷಣವೆಂದು ಲೋಕವು ಒಪ್ಪಿದೆ. ಕೀಟವು ತೊಡೆಯನ್ನು ಕೊರೆಯುತ್ತಿದ್ದರೂ, ಗುರುವಿನ ನಿದ್ರೆಗೆ ಭಂಗ ಬಂದೀತೆಂದು ಮಿಸುಕದೆ ಕುಳಿತ ಕರ್ಣನ ಕಥೆಗೆ ತಲೆದೂಗದವರು ವಿರಳ. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಎಚ್ಚೆತ್ತ ಪರಶುರಾಮನು ರಕ್ತವನ್ನು ಕಂಡು ಶಿಷ್ಯನನ್ನು ಕೊಂಡಾಡಲಿಲ್ಲ, ಶಪಿಸಿದನು. ಶಾಪಕ್ಕೆ ಕಾರಣವಾದುದು ಸಹನೆಯಲ್ಲ, ಅದರ ಹಿಂದೆ ಅಡಗಿದ್ದ ಮುಚ್ಚುಮರೆ. ಇವೆರಡರ ನಡುವಣ ಗೆರೆ ಎಲ್ಲಿದೆಯೆಂಬ ಪ್ರಶ್ನೆಯು ಪುರಾಣದಲ್ಲಿಯೇ ಉಳಿದುಹೋದುದಲ್ಲ. ಸೇವೆಯ ಅವಧಿ ಮುಗಿಯುತ್ತ ಬಂದ ಸಿಪಾಯಿಯು ವೈದ್ಯರ ಮುಂದೆ ನಿಂತಾಗ ಅದೇ ಪ್ರಶ್ನೆ ಅವನನ್ನು ಎದುರುಗೊಳ್ಳುತ್ತದೆ.

ಭಾರತದ ಸೇನೆಯಲ್ಲಿ ಮನಸ್ಸು, ಶ್ರವಣ, ಕೈಕಾಲು, ದೇಹಶಕ್ತಿ, ದೃಷ್ಟಿ ಎಂಬ ಐದು ವಿಷಯಗಳಲ್ಲಿ ಯೋಧನನ್ನು ಪರೀಕ್ಷಿಸಿ ದರ್ಜೆ ಗೊತ್ತುಮಾಡುತ್ತಾರೆ. ಅವುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ‘ಶೇಪ್’ ಎಂಬ ಹೆಸರು ರೂಢಿಯಾಗಿದೆ. ದರ್ಜೆ ಇಳಿದರೆ ಬಡ್ತಿಗೆ ಅಡ್ಡಿ. ಬೇಕಾದ ಕೆಲಸವೂ ತಪ್ಪೀತು. ನಿಯತ ಸೇವೆಯ ಸಿಪಾಯಿಗೆ ಸೇವಾ ಪಿಂಚಣಿ ದೊರೆಯಬೇಕಾದರೆ 15 ವರ್ಷ ತುಂಬಬೇಕು. ಹನ್ನೆರಡನೆಯ ವರ್ಷದಲ್ಲಿ ಮೊಣಕಾಲು ಹಿಡಿದುಕೊಂಡವನು ಏನು ಮಾಡಿಯಾನು? ಎಣ್ಣೆ ತಿಕ್ಕಿಕೊಂಡು, ಪಟ್ಟಿ ಬಿಗಿದುಕೊಂಡು, ಸಾಲಿನಲ್ಲಿ ನಿಲ್ಲುತ್ತಾನೆ. ಇದನ್ನು ಬರಿಯ ಸ್ವಾರ್ಥವೆಂದು ಹೀಗಳೆಯುವುದು ಸುಲಭ. ಆದರೆ ನಿಜ ನುಡಿದವನಿಗೆ ನಷ್ಟವನ್ನೂ ಬಚ್ಚಿಟ್ಟವನಿಗೆ ಬಡ್ತಿಯನ್ನೂ ಕೊಡುವ ಏರ್ಪಾಡಿಗೆ ಆ ಮೌನದಲ್ಲಿ ಪಾಲಿಲ್ಲವೆ?

ಎಲ್ಲ ಮೌನವೂ ಒಂದೇ ಬಗೆಯದಲ್ಲವೆಂಬುದನ್ನು ಮಾತ್ರ ಮರೆಯಲಾಗದು. ಸೊಂಟದ ನೋವನ್ನು ಬಚ್ಚಿಟ್ಟವನು ಬಹುಮಟ್ಟಿಗೆ ತನ್ನನ್ನೇ ದಂಡಿಸಿಕೊಳ್ಳುತ್ತಾನೆ. ಕಿವಿ ಮಂದವಾದುದನ್ನು ಬಚ್ಚಿಟ್ಟು ಇರುಳು ಕಾವಲಿಗೆ ನಿಂತವನಾದರೋ ಪಕ್ಕದಲ್ಲಿ ಮಲಗಿದವರ ಪ್ರಾಣವನ್ನು ಪಣಕ್ಕೆ ಒಡ್ಡುತ್ತಾನೆ. ಮೊದಲನೆಯದನ್ನು ಕ್ಷಮಿಸಬಹುದು, ಎರಡನೆಯದಕ್ಕೆ ಯಾವ ಬಡತನವೂ ಸಮಾಧಾನವಾಗಲಾರದು.

ಇನ್ನು ಕೆಲವು ಬೇನೆಗಳು ಯೋಧನಿಗೇ ತಿಳಿಯದಂತೆ ಬೆಳೆಯುತ್ತವೆ. ಫಿರಂಗಿಗಳ ಬಳಿ ವರ್ಷಗಟ್ಟಲೆ ದುಡಿದವನ ಕಿವಿ ಒಮ್ಮೆಗೇ ಕೆಡುವುದಿಲ್ಲ. ಮೊದಲು ಹೋಗುವುದು ಏರುಸ್ವರಗಳು: ಹಕ್ಕಿಯ ದನಿ, ಮಕ್ಕಳ ಮಾತಿನ ಕೆಲವು ಅಕ್ಷರಗಳು. ಅಬ್ಬರದ ಆಜ್ಞೆಗಳು ಕೇಳಿಸುತ್ತಲೇ ಇರುವುದರಿಂದ ತನ್ನ ಕಿವಿ ನೆಟ್ಟಗಿದೆಯೆಂದೇ ಅವನ ನಂಬಿಕೆ. ರಕ್ತದ ಒತ್ತಡವೂ ಹಾಗೆಯೇ ಸದ್ದಿಲ್ಲದೆ ಏರುತ್ತದೆ. ನಿದ್ರೆ ಬಾರದಿರುವುದನ್ನಂತೂ ರೋಗವೆಂದು ಹೇಳಿಕೊಳ್ಳಲು ನಾಚುವವರೇ ಹೆಚ್ಚು.

ಬಿಡುಗಡೆಯ ಕಾಲ ಸಮೀಪಿಸಿದಾಗ ಮಾತ್ರ ಗಾಳಿ ತಿರುಗುತ್ತದೆ. ಈಗ ವೈದ್ಯರು ಕೇಳುವುದು ಇವನು ಕೆಲಸಕ್ಕೆ ತಕ್ಕವನೇ ಎಂದಷ್ಟೇ ಅಲ್ಲ, ಸೇವೆಯು ಇವನ ದೇಹದಿಂದ ಏನನ್ನು ತೆಗೆದುಕೊಂಡಿತು ಎಂದೂ ಹೌದು. ಅಂಗವೈಕಲ್ಯದ ಪರಿಹಾರ ದೊರೆಯಬೇಕಾದರೆ ಬೇನೆಯು ಸೇವೆಯಿಂದ ಹುಟ್ಟಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಸಾಮಾನ್ಯವಾಗಿ ಶೇಕಡ 20ಕ್ಕೆ ಕಡಮೆಯಿರಬಾರದು. ಹಿಂದೆಲ್ಲ ಬಾಯಿ ಮುಚ್ಚಿದ್ದವನಿಗೆ ಈಗ ಸಾಕ್ಷಿ ಎಲ್ಲಿಂದ ಬರಬೇಕು? ಹಾಳೆಯಲ್ಲಿ ಬರೆದಿರುವುದು ‘ಆರೋಗ್ಯವಂತ’ ಎಂದು, ಬರೆಯಿಸಿದವನು ತಾನೇ.

ಅಪಸ್ಮಾರದ ಕಾರಣ ಸೇವೆಯಿಂದ ಬಿಡಿಸಲ್ಪಟ್ಟ ಒಬ್ಬ ಸಿಪಾಯಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಮಹತ್ತರವಾದ ತೀರ್ಪನ್ನು ಕೊಟ್ಟಿತು. ಸೇರುವಾಗ ರೋಗವಿತ್ತೆಂದು ಬರೆದಿಲ್ಲವಾದರೆ ಆಗ ಅವನು ಆರೋಗ್ಯವಂತನೇ ಆಗಿದ್ದನೆಂದೂ, ಬಳಿಕ ಬಂದ ಕೇಡು ಸೇವೆಯಿಂದಲೇ ಬಂದಿತೆಂದೂ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸರಕಾರದ್ದು ಎಂದು 1982ರ ನಿಯಮಗಳಿಗೆ ಅದು ಅರ್ಥಮಾಡಿತು. ಬಳಿಕ ನಿಯಮಗಳು ಮಾರ್ಪಟ್ಟು 2023ರಲ್ಲಿ ಹೊಸವು ಬಂದಿವೆ. ನಿಯಮಗಳು ಬದಲಾಗಲಿ, ಗಟ್ಟಿ ದೇಹವನ್ನು ಪಡೆದವರು, ಅದು ಸವೆದುದೇಕೆಂದು ಉತ್ತರ ಹೇಳಲಿ ಎಂಬ ಆ ತರ್ಕದಲ್ಲಿ ನ್ಯಾಯವುಂಟು.

ಇಷ್ಟಾದರೂ ಅಭಿಮಾನಿಯಾದವನಿಗೆ ಒಂದು ಅಳುಕು ಉಳಿಯುತ್ತದೆ. ಕೊನೆಯ ತಿಂಗಳಲ್ಲಿ ನೋವುಗಳ ಪಟ್ಟಿಯನ್ನು ಹಿಡಿದು ಹೋಗುವುದು ಕೈಯೊಡ್ಡಿದಂತೆ ಆಗುವುದಿಲ್ಲವೆ? ಇಲ್ಲದ ಬೇನೆಯನ್ನು ನಟಿಸುವವರ ಗುಂಪಿಗೆ ತಾನೂ ಸೇರಿದಂತೆ ಕಾಣದೆ? ನಟಿಸುವವರು ಇಲ್ಲವೆಂದಲ್ಲ, ಅವರು ಕದಿಯುವುದು ಬೊಕ್ಕಸದ ಹಣಕ್ಕಿಂತ ಹೆಚ್ಚಾಗಿ ನಿಜವಾಗಿ ನೊಂದವನ ಮಾತಿನ ಬೆಲೆಯನ್ನು. ಆದರೆ ಅವರ ಭಯದಿಂದ ಇದ್ದುದನ್ನು ಇಲ್ಲವೆನ್ನುವುದೂ ಸುಳ್ಳೇ. ಇಲ್ಲದುದನ್ನು ಸೇರಿಸದೆ, ಇದ್ದುದನ್ನು ಬಿಡದೆ, ಯಾವ ವರ್ಷ, ಯಾವ ನೆಲೆಯಲ್ಲಿ, ಹೇಗೆ ಆರಂಭವಾಯಿತೆಂದು ಹೇಳುವುದು ಬೇಡಿಕೆಯಲ್ಲ, ವರದಿ. ಗಡಿಯಲ್ಲಿ ಕಂಡುದನ್ನು ಕಂಡಂತೆ ಮೇಲಧಿಕಾರಿಗೆ ತಿಳಿಸಲು ಎಂದೂ ನಾಚದವನು, ತನ್ನ ದೇಹದ ವರದಿಗೆ ಮಾತ್ರ ನಾಚುವುದೇಕೆ?

ಈ ಸಂಗತಿಯಲ್ಲಿ ಇನ್ನೊಬ್ಬಳ ಪಾಲೂ ಇದೆ. ಮೂವತ್ತೈದು ನಲವತ್ತರ ಪ್ರಾಯದಲ್ಲಿ ಮನೆಗೆ ಮರಳುವ ಸಿಪಾಯಿಗೆ ಆಯುಷ್ಯದ ಅರ್ಧದಷ್ಟು ಇನ್ನೂ ಮುಂದಿರುತ್ತದೆ. ರಜೆಯಲ್ಲಿ ಬಂದಾಗ ಅವನು ನಡುರಾತ್ರಿ ಬೆಚ್ಚಿ ಏಳುವುದನ್ನೂ, ಎರಡು ಸಲ ಕರೆದ ಮೇಲೆಯೇ ತಿರುಗಿ ನೋಡುವುದನ್ನೂ, ಮೆಟ್ಟಲಿಳಿಯುವಾಗ ಗೋಡೆ ಹಿಡಿಯುವುದನ್ನೂ ಕಂಡವಳು ಹೆಂಡತಿ. ವೈದ್ಯಮಂಡಲಿಯ ಮುಂದೆ ನಿಲ್ಲುವವನು ಅವನು; ಮುಂದಿನ ಮೂವತ್ತು ವರ್ಷ ಆ ಗೋಡೆಯ ಬದಲು ಹೆಗಲು ಕೊಡಬೇಕಾದವಳು ಅವಳು. ಹೋಗುವ ಮೊದಲು ಅವಳನ್ನೊಮ್ಮೆ ಕೇಳಿದರೆ, ಅವನ ಪಟ್ಟಿಯಲ್ಲಿ ಬಿಟ್ಟುಹೋದ ಒಂದೆರಡನ್ನು ಅವಳೇ ತುಂಬಿಕೊಟ್ಟಾಳು.