ನೋಡದೆ ಹಾಕಿದ ಸಹಿ



ಕಳೆದ ಭಾನುವಾರ ತಿಪಟೂರಿನಲ್ಲಿ ನಾವು ಓದಲು ಸೇರಿದಾಗ ನಾಲ್ಕನೆಯ ಶೀಲದ ಮೇಲೆ ಮಾತು ಬಂತು. ಕಾಲೇಜು ಓದುವ ತಮ್ಮನೊಬ್ಬ ಕೇಳಿದ: "ಸಾರ್, ನಾಲ್ಕು ಜನಕ್ಕೆ ಒಳ್ಳೇದು ಮಾಡೋ ಮನುಷ್ಯ ಲೆಕ್ಕದಲ್ಲಿ ಸುಳ್ಳು ಬರೆದರೆ ಅದೂ ಮುಸಾವಾದವೇ?" ಅವನ ಮನಸ್ಸಿನಲ್ಲಿದ್ದದ್ದು ಕಾಫಿ ಡೇ ಪ್ರಕರಣ. ಆವತ್ತು ನನಗೆ ನೆಟ್ಟಗೆ ಉತ್ತರ ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಎಂಬುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ತೆರೆದರು. ಹಳ್ಳಿ ಕಡೆಯ ಎಷ್ಟೋ ಹುಡುಗ ಹುಡುಗಿಯರಿಗೆ ಅಲ್ಲಿ ಕೆಲಸ ಸಿಕ್ಕಿತು. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. 2019ರ ಜುಲೈ 29ರ ಸಂಜೆ ಅವರು ನೇತ್ರಾವತಿ ಸೇತುವೆಯ ಬಳಿ ಕಾಣೆಯಾದರು, ಎರಡು ದಿನದ ಮೇಲೆ ಶವ ಸಿಕ್ಕಿತು. ಆ ಸಾವನ್ನು ತೂಗಿ ನೋಡುವ ಹಕ್ಕು ನಮಗಿಲ್ಲ. ನಾನು ಹೇಳಹೊರಟಿರುವುದು ಲೆಕ್ಕದ ಮಾತು. 2023ರ ಜನವರಿಯಲ್ಲಿ ಸೆಬಿ ಕೊಟ್ಟ ಆದೇಶದ ಪ್ರಕಾರ, ಕಾಫಿ ಡೇಯ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಅವರ ಕುಟುಂಬಕ್ಕೆ ಸೇರಿದ ಕಾಫಿ ತೋಟದ ಕಂಪನಿಗೆ ಹರಿದುಹೋಗಿತ್ತು. ಕಾಫಿ ಡೇಗೆ 26 ಕೋಟಿ ದಂಡ ಬಿತ್ತು. 1,700ಕ್ಕೂ ಮಿಕ್ಕಿದ್ದ ಕೆಫೆಗಳು ಕೆಲವೇ ವರ್ಷಗಳಲ್ಲಿ 500ರ ಆಸುಪಾಸಿಗೆ ಇಳಿದವು. ಲೆಕ್ಕದ ಪುಸ್ತಕವನ್ನು ಒಮ್ಮೆಯೂ ಕಣ್ಣಲ್ಲಿ ಕಾಣದವರು, ಕಪ್ಪು ತೊಳೆದವರು, ಟೇಬಲ್ ಒರೆಸಿದವರು ಬೇರೆ ಕೆಲಸ ಹುಡುಕಬೇಕಾಯಿತು.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಸಿದ್ಧಾರ್ಥರ ಹೆಸರಿನಲ್ಲಿ ಹೊರಬಂದ ಪತ್ರದಲ್ಲಿ ಎಲ್ಲ ವ್ಯವಹಾರಕ್ಕೂ ನಾನೊಬ್ಬನೇ ಹೊಣೆ, ನನ್ನ ತಂಡಕ್ಕಾಗಲಿ ಆಡಿಟರುಗಳಿಗಾಗಲಿ ಇದು ತಿಳಿಯದು ಎಂಬರ್ಥದ ಮಾತಿತ್ತು. ಓದಿದವರ ಮನಸ್ಸು ಕರಗಿತು. ಆದರೆ ಒಬ್ಬರ ಕಮ್ಮವನ್ನು ಇನ್ನೊಬ್ಬರು ಹೊರಲು ಬರುತ್ತದೆಯೇ? ಆಡಿಟರುಗಳ ಮೇಲೆ ಕಣ್ಣಿಡುವ ಎನ್‌ಎಫ್‌ಆರ್‌ಎ ಎಂಬ ಪ್ರಾಧಿಕಾರ 2023ರಲ್ಲಿ ಈ ಲೆಕ್ಕಗಳಿಗೆ ಸಹಿ ಹಾಕಿದ ಆಡಿಟರುಗಳಿಗೂ ದಂಡ ಹಾಕಿ, ಕೆಲವು ವರ್ಷ ಆ ಕೆಲಸ ಮಾಡದಂತೆ ತಡೆಯಿತು. ನಿಮ್ಮ ಕೆಲಸವೇ ನೋಡುವುದು, ನೋಡದೆ ಇದ್ದದ್ದೇ ತಪ್ಪು ಎಂದ ಹಾಗಾಯಿತು.

ಬಂಧುಗಳೇ, ಲೆಕ್ಕದ ಪುಸ್ತಕ ಎಂದರೆ ಏನು ಅಂತ ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಪ್ಪ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದರು. ಸಾವಿರ ಕಾಯಿಗೆ ಇಷ್ಟು ಅಂತ ಕೂಲಿ. ಎಣಿಸುವಾಗ ನೂರು ತುಂಬಿದಾಗಲೆಲ್ಲ ಒಂದು ಕಾಯಿ ಬದಿಗಿಡುವರು. ಬದಿಗಿಟ್ಟ ಕಾಯಿ ಹನ್ನೆರಡು ಇರುತ್ತಿತ್ತು, ಪುಸ್ತಕದಲ್ಲಿ ಹತ್ತು ಇರುತ್ತಿತ್ತು. ಅಪ್ಪನಿಗೆ ಕಾಯಿ ಎಣಿಸಲು ಬರುತ್ತಿತ್ತು, ಪುಸ್ತಕ ಓದಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಬರುವರು. "ನೀನು ಓದು, ಇವರು ಏನು ಬರೀತಾರೆ ಅಂತ ನೋಡು" ಎಂದೇ ನನ್ನನ್ನು ಶಾಲೆಗೆ ಕಳಿಸಿದ್ದು.

ಓದಿದೆ. ಮೇಷ್ಟ್ರಾದೆ. ತುರುವೇಕೆರೆ ಕಡೆಯ ಒಂದು ಶಾಲೆಯಲ್ಲಿ ಮೊದಲ ಕೆಲಸ. ಹಾಜರಿ ಪುಸ್ತಕದಲ್ಲಿ 64 ಹೆಸರು, ದಿನಕ್ಕೆ ಬರುತ್ತಿದ್ದದ್ದು 50ರ ಹತ್ತಿರ. ಬಿಸಿಯೂಟದ ಲೆಕ್ಕದಲ್ಲಿ ಮಾತ್ರ ದಿನವೂ 60, 61. ಹೆಡ್ ಮೇಷ್ಟ್ರು ಒಂದು ಕಾಳನ್ನೂ ಮನೆಗೆ ಒಯ್ದವರಲ್ಲ. ಉಳಿದ ಅಕ್ಕಿಬೇಳೆಯನ್ನು ಅಡುಗೆಯ ಅಕ್ಕನಿಗೆ ಕೊಡುತ್ತಿದ್ದರು. ಗಂಡ ಸತ್ತು ಮೂರು ಮಕ್ಕಳಿದ್ದ ಹೆಣ್ಣುಮಗಳು, ಕೈಗೆ ಬರುತ್ತಿದ್ದ ಸಂಬಳ ಹೇಳಲು ನಾಚಿಕೆಯಾಗುವಷ್ಟು. ಶನಿವಾರ ಅವರು ಬೇಗ ಹೋದಾಗ ಸಹಿ ನನ್ನದು. ನಾನು ಅಂಕಿಯ ಕಡೆ ನೋಡುತ್ತಿರಲಿಲ್ಲ. ನೋಡದೆ ಇರಬೇಕೆಂದರೆ ಪ್ರತಿ ಶನಿವಾರ ಬೇಕೆಂದೇ ಕಣ್ಣನ್ನು ಆಚೆ ತಿರುಗಿಸಬೇಕಿತ್ತು. "ಗೊತ್ತಿರಲಿಲ್ಲ" ಎನ್ನುವ ನನ್ನ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಒಂದು ದಿನ ಅಧಿಕಾರಿಗಳು ಬಂದು ತಲೆ ಎಣಿಸಿದರು. ಮಕ್ಕಳು 46, ಪುಸ್ತಕದಲ್ಲಿ 61. ಹೆಡ್ ಮೇಷ್ಟ್ರು ಎದ್ದು ನಿಂತು, "ಎಲ್ಲಾ ನನ್ನದೇ ತಪ್ಪು, ಈ ಮೇಷ್ಟ್ರಿಗೆ ಏನೂ ಗೊತ್ತಿಲ್ಲ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಅವರಿಗೆ ನೋಟಿಸು ಬಂತು. ಅಕ್ಕನ ಕೆಲಸ ಹೋಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ, ಮುಗಿಯಲಿಲ್ಲ. ಮುಂದಿನ ವರ್ಷ ಮಳೆ ಕೈಕೊಟ್ಟು ತೋಟಗಳಲ್ಲಿ ಕೂಲಿ ನಿಂತಾಗ, ಮಧ್ಯಾಹ್ನದ ಊಟಕ್ಕಾಗಿಯೇ ಅಷ್ಟೂ ಮಕ್ಕಳು ಶಾಲೆಗೆ ಬರತೊಡಗಿದರು. ದಿಟವಾಗಿ 60 ಮಕ್ಕಳು. ಹೆಚ್ಚು ಅಕ್ಕಿ ಬೇಕೆಂದು ಕಚೇರಿಗೆ ಬರೆದೆವು. "ನಿಮ್ಮ ಶಾಲೆಯ ಲೆಕ್ಕ ನಮಗೆ ಗೊತ್ತಿಲ್ವೇ?" ಎಂದು ನಕ್ಕರು. ಇಡೀ ಒಂದು ತಿಂಗಳು ಮಕ್ಕಳ ತಟ್ಟೆಗೆ ಅರ್ಧ ಸೌಟು. ಹೆಚ್ಚಿನ ಮಕ್ಕಳು ನಮ್ಮ ಕೇರಿಯವೇ. ಹಳೆಯ ಸುಳ್ಳು ನಮ್ಮ ನಿಜದ ಬಾಯನ್ನೂ ಕಟ್ಟಿಹಾಕಿತ್ತು.

ಬಾಬಾಸಾಹೇಬರು ಅರ್ಥಶಾಸ್ತ್ರ ಓದಿದವರು, ಲೆಕ್ಕದ ಬೆಲೆ ಬಲ್ಲವರು. 1949ರಲ್ಲಿ ಸಂವಿಧಾನ ಸಭೆಯಲ್ಲಿ ಅವರು, ಸಂವಿಧಾನದಡಿಯ ಅಧಿಕಾರಿಗಳಲ್ಲಿ ದೇಶದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರೇ ಬಹುಶಃ ಎಲ್ಲರಿಗಿಂತ ಮುಖ್ಯ, ಅವರ ಕರ್ತವ್ಯ ನ್ಯಾಯಾಂಗದ್ದಕ್ಕಿಂತಲೂ ಹಿರಿದು ಎಂಬ ಅಭಿಪ್ರಾಯ ಹೇಳಿದ್ದರು. ಚಿಕ್ಕವನಾಗಿದ್ದಾಗ ಇದು ಅತಿಯಾಯಿತು ಅನ್ನಿಸಿತ್ತು. ಆ ಅರ್ಧ ಸೌಟು ಕಂಡ ಮೇಲೆ ಹಾಗನ್ನಿಸಿಲ್ಲ.

ಹಾಗಾದರೆ ಹೆಡ್ ಮೇಷ್ಟ್ರು ಕೆಟ್ಟವರೇ? ಅಲ್ಲ. ಅಕ್ಕನ ಮಕ್ಕಳ ಹೊಟ್ಟೆಗೆ ಬಿದ್ದ ಅನ್ನವೂ ಸುಳ್ಳಲ್ಲ. ಆದರೆ ಅವರು ಕೊಟ್ಟದ್ದು ತಮ್ಮದಲ್ಲದ್ದನ್ನು. ಆಕೆಗೆ ಸಂಬಳ ಸಾಲದು ಎಂದು ಮೇಲಿನವರಿಗೆ ಬರೆದು ಜಗಳವಾಡುವ ದಾರಿ ಇತ್ತು. ಅದು ಕಷ್ಟದ ದಾರಿ. ನಾವಿಬ್ಬರೂ ಅಂಕಿ ತಿದ್ದುವ ಸುಲಭದ ದಾರಿ ಹಿಡಿದೆವು. ದಾನದ ಪುಣ್ಯವನ್ನೂ ಸುಳ್ಳಿನ ಪಾಪವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಕಳೆದು ಕೂಡಿಸುವ ಲೆಕ್ಕವನ್ನು ಧಮ್ಮದಲ್ಲಿ ನಾನು ಕಂಡಿಲ್ಲ. ಎರಡಕ್ಕೂ ಅದರದರ ಫಲ.

ಮಜ್ಝಿಮ ನಿಕಾಯದಲ್ಲಿ ಬುದ್ಧರು ಮಗ ರಾಹುಲನಿಗೆ, ಕಾಲು ತೊಳೆದ ಪಾತ್ರೆಯ ತಳದಲ್ಲಿ ಉಳಿದ ಗುಟುಕು ನೀರು ತೋರಿಸಿ ಸುಳ್ಳಿನ ಮಾತು ಹೇಳುವ ಪ್ರಸಂಗವಿದೆ. ನಮ್ಮ ಬಳಗದಲ್ಲಿ ಎಷ್ಟೋ ಸಲ ಓದಿದ್ದೇವೆ. ಅದೇ ಉಪದೇಶದಲ್ಲಿ ಇನ್ನೊಂದು ಮಾತೂ ಇದೆ: ಮಾಡಿದ್ದು, ಆಡಿದ್ದು ತಪ್ಪೆಂದು ಆಮೇಲೆ ಕಂಡುಬಂದರೆ ಅದನ್ನು ಬಲ್ಲವರ ಮುಂದೆ, ಜೊತೆಗಾರರ ಮುಂದೆ ಬಿಚ್ಚಿ ಹೇಳಬೇಕು. ಇಷ್ಟು ವರ್ಷ ಆ ಭಾಗವನ್ನು ನಾನು ಬೇಗ ಓದಿ ಮುಂದೆ ಹೋಗುತ್ತಿದ್ದೆ.

ಹೆಡ್ ಮೇಷ್ಟ್ರು ನಿವೃತ್ತರಾಗಿ ಊರಿನಲ್ಲಿದ್ದಾರೆ. ಬರುವ ಭಾನುವಾರ ಓದು ಮುಗಿಸಿ ಅವರ ಮನೆಗೆ ಹೋಗಬೇಕೆಂದಿದ್ದೇನೆ. ಅಡುಗೆಯ ಅಕ್ಕ ಈಗ ಚಿಕ್ಕನಾಯಕನಹಳ್ಳಿ ಕಡೆ ಮಗನ ಜೊತೆ ಇದ್ದಾರಂತೆ. ವಿಳಾಸ ಹುಡುಕುತ್ತಿದ್ದೇನೆ.

ಭವತು ಸಬ್ಬ ಮಂಗಲಂ. ಜೈಭೀಮ್.