ಉಳಿತಾಯದ ಬೆಲೆ ತೆರುವವರು ಯಾರು?

ಮಳೆಗಾಲದಲ್ಲಿ ಬಾಗಿಲು ಉಬ್ಬಿ ಮುಚ್ಚಲೊಲ್ಲದು. ಕಪಾಟಿನ ತಿರುಗಣಿ ಸಡಿಲವಾಗಿದೆ. ಅಡುಗೆಮನೆಯ ಗೋಡೆಗೆ ಒಂದು ಹಲಗೆ ಬೇಕು. ಕ್ರಿಸ್ಮಸ್ ಹಬ್ಬದೊಳಗೆ ಎಲ್ಲವನ್ನೂ ಸರಿಪಡಿಸುವ ಆಸೆ. ಕೈಯಲ್ಲಿರುವ ಹಣ ಮಾತ್ರ ಅಷ್ಟಕ್ಕಷ್ಟೆ. ನಾವೇ ಮಾಡಿಕೊಳ್ಳೋಣ ಎಂದು ಮರಗೆಲಸದ ಸಾಮಾನು ಕೊಳ್ಳಲು ಹೊರಡುವ ಮುನ್ನ, ಆತ್ಮೀಯ ಓದುಗರೇ, ಒಂದು ಪ್ರಶ್ನೆ ಕೇಳಿಕೊಳ್ಳಿ: ನಾವು ಉಳಿಸುವ ಹಣದ ಬೆಲೆಯನ್ನು ತೆರುವವರು ಯಾರು?

ಮಿತವ್ಯಯ ಸದ್ಗುಣವೇ ಸರಿ. ಆದರೆ ನಮ್ಮ ಖರ್ಚನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದರೆ ಅದು ಮಿತವ್ಯಯವಾಗಿ ಉಳಿಯುವುದಿಲ್ಲ.

ಮೊದಲು ಮನೆಯವರನ್ನೇ ನೋಡಿ. ತೀರಾ ಅಗ್ಗದ ಉಳಿಯ ಉಕ್ಕು ಸಾಮಾನ್ಯವಾಗಿ ಮೆದು, ಬೇಗ ಮೊಂಡಾಗುತ್ತದೆ. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕು. ಆಗ ಅದು ಜಾರಿ ಕೈಗೆ ತಗಲುವ ಭಯ ಹೆಚ್ಚು. ಆದ್ದರಿಂದ ಉಳಿ, ಗರಗಸಗಳಂಥ ಕತ್ತರಿಸುವ ಸಾಧನಗಳಿಗೆ ಸ್ವಲ್ಪ ಹೆಚ್ಚೇ ಕೊಡಿ. ಹತ್ತು ಉಳಿಗಳ ಅಗ್ಗದ ಪೆಟ್ಟಿಗೆಗಿಂತ 12 ಮತ್ತು 25 ಮಿಲಿಮೀಟರ್ ಅಗಲದ ಎರಡು ಒಳ್ಳೆಯ ಉಳಿಗಳೂ ಒಂದು ಸಾಣೆಕಲ್ಲೂ ಲೇಸು. ಸುತ್ತಿಗೆ, ಮೂಲೆಮಟ್ಟಗಳನ್ನು ಹಳೆಯದೇ ಕೊಳ್ಳಬಹುದು. ಸುತ್ತಿಗೆಯ ತಲೆ ಬಿರುಕು ಬಿಟ್ಟಿರಬಾರದು. ಹಿಡಿ ಕೆಟ್ಟಿದ್ದರೆ ಹೊಸದು ಹಾಕಿಸಬಹುದು. ಮೂಲೆಮಟ್ಟವನ್ನು ಹಲಗೆಯ ನೇರ ಅಂಚಿಗೆ ಹಿಡಿದು ಒಂದು ಗೆರೆ ಎಳೆಯಿರಿ, ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಒಂದಾದರೆ ಅದು ಸರಿಯಾಗಿದೆ.

ಅಷ್ಟಕ್ಕೂ ಹಣವಿಲ್ಲ ಎನ್ನುವಿರಾ? ಕಾಯುವುದರಲ್ಲಿ ನಾಚಿಕೆಯೇನಿಲ್ಲ. ತೇವ ಹೀರಿ ಉಬ್ಬಿದ ಬಾಗಿಲು ಬಿಸಿಲಿನ ದಿನಗಳಲ್ಲಿ ಒಣಗಿ ತಾನೇ ಕುಗ್ಗುವುದುಂಟು. ಆತುರದಿಂದ ಉಜ್ಜುಗೊರಡು ಹಾಕಿದರೆ ಬೇಸಿಗೆಯಲ್ಲಿ ಅಲ್ಲಿ ಸಂದು ಬೀಳುತ್ತದೆ.

ಎರಡನೆಯದಾಗಿ ನೆರೆಹೊರೆಯವರು. ವರ್ಷಕ್ಕೆ ಎರಡು ಸಲ ಬೇಕಾಗುವ ಡ್ರಿಲ್ಲಿಂಗ್ ಮೆಷಿನ್ ಪ್ರತಿ ಮನೆಯ ಅಟ್ಟದಲ್ಲೂ ಏಕಿರಬೇಕು? ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳಬಹುದು. ಎರವಲು ತಂದರೆ, ಮುರಿದ ಬಿಟ್ಟನ್ನು ನಮ್ಮ ಹಣದಲ್ಲೇ ಬದಲಿಸಿ, ಒರೆಸಿ, ಹೇಳಿದ ದಿನವೇ ಹಿಂದಿರುಗಿಸುವುದು ನ್ಯಾಯ. ಇಲ್ಲವಾದರೆ ನಮ್ಮ ಖರ್ಚನ್ನು ಕೊಟ್ಟವರೇ ಹೊತ್ತಂತೆ.

ಕೊನೆಯದಾಗಿ ಬಡಗಿ. ದುಡಿಯುವ ಆಚಾರಿಯ ಉಳಿಯನ್ನು ಎರವಲು ಕೇಳಬೇಡಿ. ಸಾಲಕ್ಕೆ ಈಡಾಗಿ ಬೀಸುವ ಕಲ್ಲನ್ನು ತೆಗೆದುಕೊಳ್ಳುವುದನ್ನು ಧರ್ಮೋಪದೇಶಕಾಂಡ (24:6) ನಿಷೇಧಿಸುತ್ತದೆ. ಆ ಕಲ್ಲು ಹೋದರೆ ಮನೆಯ ಊಟವೇ ಹೋದಂತೆ. ಆಚಾರಿಯ ಉಳಿಯೂ ಅಂಥದ್ದೇ. ಬಾಗಿಲ ಚೌಕಟ್ಟು ಬದಲಿಸುವಂಥ ದೊಡ್ಡ ಕೆಲಸಕ್ಕೆ ಹತ್ತು ಬಗೆಯ ಸಾಮಾನು ಕೊಳ್ಳುವ ಬದಲು ಅವರನ್ನೇ ಕರೆಯಿರಿ. ಸಾಮಾನಿನ ಬೆಲೆಗೆ ಅಂಗಡಿಯಲ್ಲಿ ಮರುಮಾತಾಡದ ನಾವು, ಅವರ ಕೂಲಿಗೆ ಚೌಕಾಸಿ ಮಾಡುವುದೇಕೆ? ಹಾಗೆ ಉಳಿಸಿದ ನೂರು ರೂಪಾಯಿ ಅವರ ಮಕ್ಕಳ ತಟ್ಟೆಯಿಂದ ಬಂದದ್ದು.

ಮನೆಯನ್ನು ಸರಿಪಡಿಸಿಕೊಳ್ಳಿ, ಹಣವನ್ನೂ ಉಳಿಸಿ. ಆ ಉಳಿತಾಯ ನಿಮ್ಮದೇ ಶ್ರಮ, ತಾಳ್ಮೆಗಳಿಂದ ಬಂದದ್ದಾಗಿರಲಿ.